ಸೌವಿನ್ ಹೊಸ ವರ್ಷದ ದಿನವೇ? ಆಕರಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ
ಐರ್ಲೆಂಡ್, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಮತ್ತು ಮ್ಯಾನ್ ದ್ವೀಪದ ಗೇಲಿಕ್ ಸಮುದಾಯಗಳಲ್ಲಿ ನವೆಂಬರ್ 1ರ ಸೌವಿನ್ ಹಿಂದಿನ ಸಂಜೆಯಿಂದಲೇ ಆರಂಭವಾಗುತ್ತಿತ್ತು. ಅದನ್ನು ‘ಕೆಲ್ಟರ ಹೊಸ ವರ್ಷ’ ಎಂದು ಕರೆಯುವುದು ಈಗ ವಾಡಿಕೆ. ಆ ಮಾತಿನ ಆಧಾರವನ್ನಷ್ಟೇ ಇಲ್ಲಿ ಪರಿಶೀಲಿಸಿದೆ, ಹಬ್ಬದ ಪ್ರಾಚೀನತೆಯನ್ನಲ್ಲ.

2. ಐರಿಷ್ ಪಠ್ಯ
ಮಧ್ಯಯುಗದ ಕಥನ ‘ಟೊಖ್‌ಮಾರ್ಕ್ ಎಮಿರೆ’ಯಲ್ಲಿ ವರ್ಷದ ನಾಲ್ಕು ಸಂಧಿದಿನಗಳ ಪಟ್ಟಿ ಸೌವಿನ್‌ನಿಂದ ಮೊದಲಾಗುತ್ತದೆ. ಈ ಅಗ್ರಸ್ಥಾನ ಗಮನಾರ್ಹ. ಆದರೆ ಅಲ್ಲಿರುವುದು ಬೇಸಿಗೆ ಮುಗಿದ ಮಾತು. ವರ್ಷಾರಂಭದ ಸ್ಪಷ್ಟ ಉಲ್ಲೇಖವಲ್ಲ.

3. ಗಾಲ್ ಪ್ರದೇಶದ ಸಾಕ್ಷ್ಯ
1897ರಲ್ಲಿ ಫ್ರಾನ್ಸಿನ ಕೊಲಿಗ್ನಿಯಲ್ಲಿ ದೊರೆತ ಕಂಚಿನ ಪಂಚಾಂಗವನ್ನು ಸಾಮಾನ್ಯವಾಗಿ ಕ್ರಿ.ಶ. 2ನೇ ಶತಮಾನದ್ದೆಂದು ಎಣಿಸುತ್ತಾರೆ. ಅದರಲ್ಲಿ ಸೌವಿನ್ ಹೆಸರನ್ನು ಹೋಲುವ ‘ಸಮೋನಿಯೋಸ್’ ಮೊದಲ ತಿಂಗಳು. ಅದು ಶರತ್ಕಾಲದ್ದೋ ಬೇಸಿಗೆಯದ್ದೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಶರತ್ಕಾಲದ್ದೆಂದು ಒಪ್ಪಿದರೂ ಗಾಲ್‌ನ ಸಾಕ್ಷ್ಯವನ್ನು ಐರ್ಲೆಂಡಿಗೆ ಅನ್ವಯಿಸಲು ಪ್ರತ್ಯೇಕ ಪುರಾವೆ ಬೇಕು.

4. ಜಾನ್ ರೀಸ್ ಮತ್ತು ಮ್ಯಾನ್ ದ್ವೀಪ
ಹೊಸ ವರ್ಷದ ವಾದವನ್ನು ಪ್ರಚಾರಕ್ಕೆ ತಂದದ್ದು ಬಹುಮಟ್ಟಿಗೆ ಕೆಲ್ಟಿಕ್ ವಿದ್ವಾಂಸ ರೀಸ್. ಆ ವಾದವಿರುವ ಅವರ 1886ರ ಹಿಬ್ಬರ್ಟ್ ಉಪನ್ಯಾಸಗಳು ಅಚ್ಚಾದದ್ದು 1888ರಲ್ಲಿ. ಮ್ಯಾನ್ ದ್ವೀಪದ ಕ್ಷೇತ್ರಮಾಹಿತಿ ಅವರ 1901ರ ‘ಕೆಲ್ಟಿಕ್ ಫೋಕ್‌ಲೋರ್’ನಲ್ಲಿದೆ: ನವೆಂಬರ್ 12ರ ಮುನ್ನಾದಿನ ಮನೆಮನೆಗೆ ಹೋಗುವವರು ಅದನ್ನು ಹೊಸ ವರ್ಷದ ರಾತ್ರಿ ಎಂದು ಹಾಡುತ್ತಿದ್ದರು. ಆ ಹಾಡು ಬ್ರಿಟನ್ನಿನ ಇತರೆಡೆಯ ವರ್ಷಾಂತ್ಯದ ಹಾಡುಗಳನ್ನು ಹೋಲುತ್ತದೆಂದು ರೀಸ್ ಅವರೇ ಗುರುತಿಸಿದ್ದರು. ಹಾಗಿದ್ದರೆ ಅದು ಜನವರಿಯಿಂದ ನವೆಂಬರಿಗೆ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ದಿನಾಂಕದ್ದೂ ಒಂದು ತೊಡಕು. ಬ್ರಿಟನ್ 1752ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದಾಗ ವ್ಯತ್ಯಾಸ 11 ದಿನ. ಹಳೆಯ ನವೆಂಬರ್ 1 ಹೊಸ ಲೆಕ್ಕದಲ್ಲಿ 12 ಆಯಿತು. 1800ರ ನಂತರ ವ್ಯತ್ಯಾಸ 12 ದಿನಗಳಿಗೆ ಏರಿದ್ದರಿಂದ ಹಬ್ಬ 13ಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ಅಂದರೆ ರೀಸ್ ಕಂಡ ದಿನಾಂಕ 18ನೇ ಶತಮಾನದಲ್ಲಿ ನೆಲೆನಿಂತದ್ದು. ಜಮೀನಿನ ಗೇಣಿ, ಆಳುಗಳ ಕರಾರು ಅಂದೇ ಆರಂಭವಾಗುತ್ತಿದ್ದವು. ‘ಹೊಸ ವರ್ಷ’ ಎಂಬ ಭಾವನೆಗೆ ಅಷ್ಟೇ ಸಾಕಾಗಿದ್ದಿರಬಹುದು. ಇದು ಊಹೆ.

5. ನಿರ್ಣಯ
ಇತಿಹಾಸಕಾರ ರೊನಾಲ್ಡ್ ಹಟನ್ (1996) ಈ ವಾದಕ್ಕೆ ಆಧಾರ ಸಾಲದೆಂದರು. ಇಲ್ಲಿ ನೋಡಿದ ಆಕರಗಳ ಮಟ್ಟಿಗೆ ಆ ನಿಲುವನ್ನು ಬದಲಿಸಲು ಕಾರಣ ಕಾಣದು. ಸೌವಿನ್ ಅನ್ನು ‘ಚಳಿಗಾಲದ ಆರಂಭ’ ಎನ್ನಬಹುದು. ‘ಹೊಸ ವರ್ಷ’ ಎನ್ನುವವರು ಅದು ರೀಸ್ ಅವರ ಊಹೆಯೆಂದು ನಮೂದಿಸುವುದು ಉಚಿತ.