ಕಬಿನಿ ನೀರಿನಡಿಯ ಕಿತ್ತೂರು, ಗ್ರೀಕ್ ಪುಸ್ತಕದ ಪುನ್ನಾಟ

"ಅಣ್ಣ, ಗ್ರೀಕ್ ಕಲೀಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು?"

ಎಚ್.ಡಿ. ಕೋಟೆ ಕಡೆ ಒಂದು ರಸ್ತೆ ಸುದ್ದಿಗೆ ಹೋಗಿದ್ದಾಗ ಈ ಪ್ರಶ್ನೆ ಬಂತು. ಕೇಳಿದವಳು ಬಿ.ಎ. ಮುಗಿಸಿ ಎಂ.ಎ. ಸೇರಬೇಕೆಂದಿದ್ದ ಹುಡುಗಿ. ಪಿಯುಸಿಯಲ್ಲಿ ಗ್ರೀಕ್, ರೋಮ್ ಪಾಠ ಓದಿದಾಗಿನಿಂದ ಅವಳಿಗೆ ಆ ಹುಚ್ಚು. ನಾನು ಬಾಯಿ ತೆರೆಯುವ ಮುಂಚೆ ಕಾಫಿ ತಂದ ಅವಳವ್ವ ಕೇಳಿದರು: "ಅದ್ನ ಓದುದ್ರೆ ಯಾವ್ ಕೆಲ್ಸ ಸಿಕ್ಕದಪ್ಪ?"

ಎರಡಕ್ಕೂ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಅವರ ತಾಲ್ಲೂಕಿನ ಹಳೆಯ ಹೆಸರು ಗ್ರೀಕ್ ಪುಸ್ತಕವೊಂದರಲ್ಲಿದೆ ಎಂಬುದು ಗೊತ್ತಿತ್ತು. ಆ ಹೆಸರನ್ನು ನಾನೇ ಒಮ್ಮೆ ತಪ್ಪಾಗಿ ಬರೆದಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ರಿ.ಶ. 2ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಎಂಬ ಪಂಡಿತನಿದ್ದ. ಅವನು ಇಂಡಿಯಾಕ್ಕೆ ಬಂದವನಲ್ಲ. ಹಡಗಿನವರು, ವ್ಯಾಪಾರಿಗಳು ಹೇಳಿದ್ದನ್ನೂ ಹಿಂದಿನವರು ಬರೆದಿಟ್ಟಿದ್ದನ್ನೂ ಕೂಡಿಸಿ, ಆಗ ಗೊತ್ತಿದ್ದ ಲೋಕದ ಊರುಗಳನ್ನೆಲ್ಲ ಅಕ್ಷಾಂಶ, ರೇಖಾಂಶದ ಸಮೇತ ಪಟ್ಟಿ ಮಾಡಿದ. ದಕ್ಷಿಣ ಭಾರತದ ಒಳನಾಡಿನ ಪಟ್ಟಿಯಲ್ಲಿ ಒಂದು ಊರಿದೆ. ಹೆಚ್ಚಿನ ಊರುಗಳಿಗೆ ಬರೀ ಹೆಸರು, ಅಂಕಿ ಕೊಟ್ಟವನು ಇದರ ಪಕ್ಕ ಒಂದು ಮಾತು ಹೆಚ್ಚಿಗೆ ಹಾಕಿದ್ದಾನೆ: ಇಲ್ಲಿ ಬೆರಿಲ್ ಸಿಗುತ್ತದೆ ಅಂತ. ಇಂಗ್ಲಿಷ್ ಪುಸ್ತಕಗಳಲ್ಲಿ ಆ ಹೆಸರಿನ ಕಾಗುಣಿತ ನೋಡಿ ನಾನು "ಪೌನ್ನಾಟ" ಎಂದು ಬರೆದುಬಿಟ್ಟಿದ್ದೆ. ಅದು ಯಾವ ಊರೋ ಏನೋ ಅನ್ನಿಸುವಂತಿತ್ತು.

ಗ್ರೀಕ್ ಬಲ್ಲವರು ನಗುತ್ತಾರೆ. ಆ ಭಾಷೆಯಲ್ಲಿ "ಒ" ಮತ್ತು "ಉ" ಅಕ್ಷರ ಒಟ್ಟಿಗೆ ಬಂದರೆ ಬಾಯಲ್ಲಿ ಬರುವುದು "ಊ". ಗ್ರೀಕ್ ಪಾಠದ ಮೊದಲ ವಾರದಲ್ಲೇ ಹೇಳಿಕೊಡುವ ಸಂಗತಿ ಇದು. ಇನ್ನು "ತ"ಗೂ "ಟ"ಗೂ ಅಲ್ಲಿ ಒಂದೇ ಅಕ್ಷರ. ಇಷ್ಟು ತಿಳಿದು ಓದಿದರೆ ಆ ಹೆಸರು ಪುನ್ನಾಟ. ನಮ್ಮ ಶಾಸನಗಳಲ್ಲಿ ಇರುವುದೂ ಅದೇ.

ಪುನ್ನಾಟ ಅಂದರೆ ಕಪಿಲಾ ನದಿಯ ಆಸುಪಾಸಿನ ಹಳೆಯ ರಾಜ್ಯ. ರಾಜಧಾನಿ ಕೀರ್ತಿಪುರ, ಆಡುಮಾತಿನ ಕಿತ್ಥಿಪುರ. ಬಿ.ಎಲ್. ರೈಸ್ ಅದನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಎಂದು ಗುರುತಿಸಿದರು. ಚೆನ್ನಮ್ಮನ ಕಿತ್ತೂರಲ್ಲ, ನಮ್ಮ ಕಬಿನಿ ದಂಡೆಯ ಕಿತ್ತೂರು. ಗಂಗರ ಅವಿನೀತ ಇಲ್ಲಿಯ ರಾಜ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗನೇ ದುರ್ವಿನೀತ, ಕವಿರಾಜಮಾರ್ಗ ಹೆಸರಿಸುವ ಹಳೆಯ ಕನ್ನಡ ಗದ್ಯಕಾರ. ಅಲ್ಲಿಗೆ ಅವನಿಗೆ ಎಚ್.ಡಿ. ಕೋಟೆ ಅಜ್ಜಿ ಮನೆ ಆಯಿತು. ಪುನ್ನಾಟ ಸಂಘವೆಂಬ ಜೈನ ಮುನಿಗಳ ಗುಂಪು ದೂರದ ಗುಜರಾತಿನವರೆಗೂ ಹೋಗಿತ್ತು. ಆ ಸಂಘದ ಜಿನಸೇನ 783ರಲ್ಲಿ ಹರಿವಂಶ ಪುರಾಣ ಬರೆದ.

ಒಂದು ಅಡ್ಡಮಾತು. ಹಳೆಗನ್ನಡದ "ಪ" ಆಮೇಲೆ "ಹ" ಆಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪಿರಿಯ ಹಿರಿಯ ಆದರೂ ಪಿರಿಯಾಪಟ್ಟಣದವರು ಮಾತ್ರ ಜಪ್ಪಯ್ಯ ಅಂದರೂ ಬಿಟ್ಟುಕೊಡಲಿಲ್ಲ. ಟಾಲೆಮಿ ಕಿವಿಗೆ ಬಿದ್ದದ್ದೂ ಆ ಹಳೆಯ "ಪ"ಕಾರವೇ.

ಈಗ ಬೆರಿಲ್ ವಿಷಯ. ಪಚ್ಚೆ ಇದೇ ಜಾತಿಯ ಕಲ್ಲು. ಸಮುದ್ರದ ನೀರಿನ ಬಣ್ಣದ್ದೂ ಇರುತ್ತದೆ. ಹಳೆಯ ಪ್ರಾಕೃತದಲ್ಲಿ ವೇರುಲಿಯ, ಸಂಸ್ಕೃತದಲ್ಲಿ ವೈಡೂರ್ಯ. ಗ್ರೀಕರ "ಬೇರುಲ್ಲೊಸ್" ಹುಟ್ಟಿದ್ದು ಈ ಪ್ರಾಕೃತ ಪದದಿಂದ. ಅಂದರೆ ಕಲ್ಲಿನ ಜತೆ ಅದರ ಹೆಸರೂ ಹಡಗು ಹತ್ತಿತು. (ಇವತ್ತು ಚಿನ್ನದಂಗಡಿಯವರು ನವರತ್ನದಲ್ಲಿ ವೈಡೂರ್ಯ ಎಂದು ಕೊಡುವುದು ಬೆಕ್ಕಿನ ಕಣ್ಣಿನ ಕಲ್ಲು, ಅದು ಬೇರೆ.) ವೇರುಲಿಯ ಪದ ನಮ್ಮ ಬೇಲೂರಿನಿಂದ ಬಂದಿರಬಹುದು ಎಂದು ಊಹಿಸುವ ನಿಘಂಟುಗಳಿವೆ. ಬೇಲೂರಿನವರಿಗೆ ಖುಷಿಯಾಗಬಹುದು, ನನಗೆ ಅದು ಅಷ್ಟು ಗಟ್ಟಿ ಅನ್ನಿಸುವುದಿಲ್ಲ.

ರೋಮಿನ ಪ್ಲಿನಿ ಲ್ಯಾಟಿನ್ನಿನಲ್ಲಿ ಬರೆದವನು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ. ಇಂಡಿಯಾದ ಸರಕಿಗೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹರಿದು ಹೋಗುತ್ತಿದೆ ಎಂದು ಗೊಣಗಿದವನು ಇವನೇ. ಬೆರಿಲ್ ಇಂಡಿಯಾ ಬಿಟ್ಟು ಬೇರೆ ಕಡೆ ಸಿಗುವುದು ಅಪರೂಪ ಎನ್ನುತ್ತಾನೆ. ಸ್ಫಟಿಕಕ್ಕೆ ಬಣ್ಣ ಹಾಕಿ ನಕಲಿ ಮಾಡುವ ವಿದ್ಯೆಯೂ ಇಂಡಿಯಾದವರಿಗೆ ಗೊತ್ತು ಎಂದು ಎಚ್ಚರಿಸುತ್ತಾನೆ. ನನಗೆ ಹಿಡಿಸಿದ್ದು ಇನ್ನೊಂದು ಮಾತು: ಇಂಡಿಯಾದವರಿಗೆ ಉದ್ದನೆಯ ಬೆರಿಲ್ ಇಷ್ಟ, ಅದಕ್ಕೆ ಚಿನ್ನ ಕಟ್ಟಿಸುವುದಿಲ್ಲ, ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸಿಕೊಳ್ಳುತ್ತಾರೆ.

ಆನೆ ಕೂದಲು! ಕಾಕನಕೋಟೆ ಖೆಡ್ಡಾದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಆನೆ ಬಾಲದ ಕೂದಲಿನ ಉಂಗುರ ಹಾಕಿದರೆ ಗಾಳಿ ಸೋಕುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಈಗಲೂ ಇದೆ. (ಮಾರುವುದು, ಕೊಳ್ಳುವುದು ಎರಡೂ ಅಪರಾಧ, ಜೋಕೆ.) ಪ್ಲಿನಿ ಪುನ್ನಾಟದ ಹೆಸರು ಎತ್ತಿಲ್ಲ. ಆದರೂ ಓದಿದಾಗ ಕಣ್ಣ ಮುಂದೆ ಬರುವುದು ನಮ್ಮ ಕಾಡು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಟಾಲೆಮಿಯ ಪಟ್ಟಿಯಲ್ಲಿ ಪುನ್ನಾಟದಿಂದ ಸ್ವಲ್ಪ ಮುಂದೆ ಕರೂರು ಬರುತ್ತದೆ, ಈಗಿನ ತಮಿಳುನಾಡಿನದು. ಆ ಕಡೆ ಕಾಂಗೇಯದ ಹತ್ತಿರ ಪಡಿಯೂರಿನಲ್ಲಿ ಬೆರಿಲ್ ಗಣಿ ಇದ್ದದ್ದು ಖಚಿತ. 1819ರ ಸುಮಾರಿಗೆ ಅಲ್ಲಿ ಕಲ್ಲು ತೆಗೆದಿದ್ದಾರೆ. ಕೊಯಮತ್ತೂರು, ಕರೂರು ಸೀಮೆಯಲ್ಲಿ ರೋಮನ್ ನಾಣ್ಯಗಳು ರಾಶಿಗಟ್ಟಲೆ ಸಿಕ್ಕಿವೆ. ಹಾಗಾಗಿ ಟಾಲೆಮಿ ಹೇಳಿದ್ದು ಪಡಿಯೂರಿನ ಕಲ್ಲೇ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಹೆಸರು ನಮ್ಮದು, ಕಲ್ಲು ಅವರದು ಎಂಬ ತಕರಾರು. ನನಗನ್ನಿಸುವುದು: ಕಪಿಲೆ ತಿ. ನರಸೀಪುರದಲ್ಲಿ ಕಾವೇರಿ ಸೇರಿ, ಆ ನೀರು ಕರೂರು ಸೀಮೆಗೇ ಹೋಗುತ್ತದೆ. ಹೊಳೆ ಹಿಡಿದು ನಡೆಯುವ ವ್ಯಾಪಾರಿಗೆ ಎರಡೂ ಒಂದೇ ದಾರಿಯ ಊರುಗಳು. ಗಣಿ ಒಂದು ಕಡೆ, ಸಂತೆ ಒಂದು ಕಡೆ ಇದ್ದಿರಬಹುದು. ಇದು ನನ್ನ ಊಹೆ ಅಷ್ಟೆ. ನೆಲ ಅಗೆದು ನೋಡೋಣವೆಂದರೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಹಳೆಯ ಕಿತ್ತೂರನ್ನು ಮುಳುಗಿಸಿದೆ. ಉಳಿದಿರುವುದು ಶಾಸನದ ಕಲ್ಲು ಮತ್ತು ಪುಸ್ತಕದ ಮಾತು.

ಆ ಎರಡನ್ನೂ ಓದಬಲ್ಲವರು ಯಾರು? ಟಾಲೆಮಿಯ ಇಂಡಿಯಾ ಭಾಗವನ್ನು ಇಂಗ್ಲಿಷಿಗೆ ತಂದು 1885ರಲ್ಲಿ ಪ್ರಕಟಿಸಿದ ಮ್ಯಾಕ್‌ಕ್ರಿಂಡಲ್ ಪಾಟ್ನಾ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು. ರೈಸ್ ಬೆಂಗಳೂರಿನಲ್ಲೇ ಹುಟ್ಟಿದ ಪಾದ್ರಿಯ ಮಗ. ನಮ್ಮ ಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳನ್ನು 1898ರ ಎಪಿಗ್ರಾಫಿಯಾ ಕರ್ನಾಟಿಕಾ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಇಂಗ್ಲೆಂಡಿನಲ್ಲಿ ಆಗ ಗ್ರೀಕ್ ಕಲಿತರೆ ಕೆಲಸವೂ ಸಿಗುತ್ತಿತ್ತು. 1855ರಲ್ಲಿ ಶುರುವಾದ ಐಸಿಎಸ್ ಸ್ಪರ್ಧಾ ಪರೀಕ್ಷೆಯಲ್ಲಿ ಗ್ರೀಕ್‌ಗೆ 750 ಅಂಕ, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ನಮ್ಮನ್ನು ಆಳಲು ಬರುವವನಿಗೆ ನಮ್ಮ ಭಾಷೆಗಿಂತ ಸತ್ತ ಗ್ರೀಕರ ಭಾಷೆಗೆ ಎರಡು ಪಾಲು ಅಂಕ!

ನಮ್ಮವರು ಸುಮ್ಮನೆ ಕೂತಿರಲಿಲ್ಲ. ಆರ್. ಶಾಮಶಾಸ್ತ್ರಿಗಳು ಗೊತ್ತಲ್ಲ, 1905ರಲ್ಲಿ ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಗುರುತಿಸಿದವರು. ಅವರ ಊರು ರುದ್ರಪಟ್ಟಣ, ಕೆ.ಆರ್. ನಗರದಿಂದ ಕಾವೇರಿ ಹಿಡಿದು ಮೇಲಕ್ಕೆ ಹೋದರೆ ಅರಕಲಗೂಡು ತಾಲ್ಲೂಕಿನಲ್ಲಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ಗುಡ್ಡೆಗಳಲ್ಲಿ ಸಿಕ್ಕ ಜೊಂಡಿನ ಕಾಗದಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. 1903ರಲ್ಲಿ ಅಚ್ಚಾಯಿತು. ಅದರಲ್ಲಿ ಕರಿಟಿಯೊನ್ ಎಂಬ ಗ್ರೀಕ್ ಹುಡುಗಿ ಇಂಡಿಯಾದ ಕರಾವಳಿಯಲ್ಲಿ ಸೆರೆ ಸಿಕ್ಕಿರುತ್ತಾಳೆ. ಅವಳ ಕಡೆಯವರು ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಹಡಗಿನಲ್ಲಿ ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ರಾಜ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಶ್ ಅದು ಕನ್ನಡ ಎಂದರು. ಶಾಮಶಾಸ್ತ್ರಿಗಳು 1920ರ ದಶಕದಲ್ಲಿ ಆ ವಾದವನ್ನು ಬೆಳೆಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರಲ್ಲಿ ದುಡಿದರು. "ಬೇರೆ", "ಕೊಂಚ", "ಮಧು" ಇವೆಲ್ಲ ಅಲ್ಲಿವೆ ಎಂಬುದು ವಾದ. ಲಂಡನ್ನಿನ ಬಾರ್ನೆಟ್ 1926ರಲ್ಲೇ ಇದನ್ನು ಒಪ್ಪಲಿಲ್ಲ. ಆಮೇಲೆ ತುಳು ಎಂದವರೂ ಬಂದರು.

ತೊಡಕು ಇರುವುದು ಬರವಣಿಗೆಯಲ್ಲಿ. ಆ ಕಾಲದ ಗ್ರೀಕರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ನಮ್ಮ ಹಳೆಯ ಶಾಸನಗಳೂ ಹಾಗೆಯೇ. ಎಲ್ಲಿ ಕತ್ತರಿಸುತ್ತೀರೋ ಹಾಗೆ ಅರ್ಥ. ಗ್ರೀಕಿನಲ್ಲಿ "ಚ" ಅಕ್ಷರವೇ ಇಲ್ಲ, ಹಾಗಾಗಿ "ಕೊಂಚ" ಎಂದು ಓದುವ ಪದ ಅಲ್ಲಿ "ಕೊಂಜೈ" ಥರ ಕಾಣುತ್ತದೆ. ನಮ್ಮ ಮೊದಲ ಶಾಸನಗಳಲ್ಲೊಂದಾದ ಹಲ್ಮಿಡಿ ಸುಮಾರು 450ನೇ ಇಸವಿಯದು. ಪ್ರಹಸನದ ಮಾತು ಕನ್ನಡವೇ ಆಗಿದ್ದರೆ ಕನ್ನಡದ ಬರಹ ಇನ್ನೂ ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಸಣ್ಣ ವಿಷಯವಲ್ಲ. ಆದರೆ ತೀರ್ಮಾನವಾಗದ್ದನ್ನು ವಾಟ್ಸಾಪಿನಲ್ಲಿ "ಸಾಬೀತಾಗಿದೆ" ಎಂದು ಕಳಿಸಬೇಡಿ. ಗ್ರೀಕ್ ಅಕ್ಷರ ಓದಿ, ಹಳೆಗನ್ನಡವೂ ಬಲ್ಲ ಕಣ್ಣು ಬೇಕು. ಒಂದು ಬಲ್ಲವರಿಗೆ ಇನ್ನೊಂದು ಬಾರದೆಯೇ ನೂರಿಪ್ಪತ್ತು ವರ್ಷ ಕಳೆದಿದೆ.

ಕನ್ನಡ ಎಂ.ಎ.ಯವರಿಗೆ ಗ್ರೀಕ್ ಅಂದರೆ ಬಿ.ಎಂ.ಶ್ರೀ. ಸೊಫೋಕ್ಲಿಸನ ಅಜಾಕ್ಸ್ ನಾಟಕವನ್ನು ಅವರು ಅಶ್ವತ್ಥಾಮನ್ ಮಾಡಿದರು, ಈಸ್ಕಿಲಸನ ನಾಟಕವನ್ನು ಪಾರಸಿಕರು ಮಾಡಿದರು. ಲಂಕೇಶರು ಈಡಿಪಸ್ ತಂದರು. ಸಾಹಿತ್ಯಕ್ಕೆ ಅದು ಸಾಕು. ಟಾಲೆಮಿಯ ಪಟ್ಟಿಗೂ ಆ ಪ್ರಹಸನಕ್ಕೂ ಸಾಲದು.

ಹಾಗಾದರೆ ಅವಳು ಎಲ್ಲಿಗೆ ಹೋಗಬೇಕು? ವಿಚಾರಿಸಿ ಹೇಳಿದ್ದು ಇಷ್ಟು. ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ. ಕೋಟೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಶಾಸನದ ಲಿಪಿಗೆ ಮೊದಲು ಅದೇ ಸರಿ. ಗ್ರೀಕ್‌ಗೆ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಂಥ ಕ್ರೈಸ್ತ ವಿದ್ಯಾಲಯಗಳಿವೆ. ಅಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಓದಲೆಂದು ಕಲಿಸುವ ಗ್ರೀಕ್ ಟಾಲೆಮಿಯ ಕಾಲಕ್ಕೆ ಹತ್ತಿರದ್ದೇ, ಆದರೆ ಅದು ಧರ್ಮಶಾಸ್ತ್ರದ ಕೋರ್ಸು. ದೆಹಲಿಯ ಜೆಎನ್‌ಯುನಲ್ಲಿ ಗ್ರೀಕ್ ಅಧ್ಯಯನಕ್ಕೆ ದಿಮಿತ್ರಿಯೊಸ್ ಗಲಾನೊಸ್ ಹೆಸರಿನ ಪೀಠವಿದೆ. ಅವರು ಕಾಶಿಯಲ್ಲಿ ನೆಲೆಸಿ ಸಂಸ್ಕೃತ ಗ್ರಂಥಗಳನ್ನು ಗ್ರೀಕಿಗೆ ಮಾಡಿ, 1833ರಲ್ಲಿ ಅಲ್ಲೇ ತೀರಿಕೊಂಡ ಅಥೆನ್ಸಿನವರು. ಹೊರದೇಶದಲ್ಲಿ ಡಿಗ್ರಿ ಆದ ಮೇಲೆ ಅಕ್ಷರದಿಂದ ಶುರು ಮಾಡಿಸಿ ಎಂ.ಎ.ಗೆ ತಯಾರು ಮಾಡುವ ವಿಶ್ವವಿದ್ಯಾಲಯಗಳಿವೆ, ಖರ್ಚು ನಮ್ಮಂಥವರ ಕೈಗೆ ಎಟುಕದ್ದು, ಸ್ಕಾಲರ್‌ಶಿಪ್ ಹುಡುಕಬೇಕು. ಏನೂ ಖರ್ಚಿಲ್ಲದ ದಾರಿ ಫೋನಿನಲ್ಲಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಜಾಲತಾಣದಲ್ಲಿ ಗ್ರೀಕ್, ಲ್ಯಾಟಿನ್ ಗ್ರಂಥಗಳು ಪುಕ್ಕಟೆ ಸಿಗುತ್ತವೆ. ಪದ ಒತ್ತಿದರೆ ಅರ್ಥ ಬರುತ್ತದೆ. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಗ್ರೀಕ್ ಕಲಿಸುವ ಒಂದು ಒಳ್ಳೆಯ ಪುಸ್ತಕ ಯಾರಾದರೂ ಬರೆದರೆ ಹಳ್ಳಿ ಮಕ್ಕಳಿಗೆ ಅರ್ಧ ದಾರಿ ಸವೆಯುತ್ತದೆ.

ಅವ್ವನ ಪ್ರಶ್ನೆಗೆ ನಾನು ಸುಳ್ಳು ಹೇಳಲಿಲ್ಲ. ಬರೀ ಗ್ರೀಕ್ ನಂಬಿಕೊಂಡರೆ ನಮ್ಮ ಕಡೆ ಕೆಲಸವಿಲ್ಲ. ಶಾಸನ, ಪುರಾತತ್ವ, ಬಿ.ಎಡ್. ಜತೆಗಿರಲಿ ಎಂದೆ. ಅವರು ತಲೆಯಾಡಿಸಿ, "ಬಿ.ಎಡ್.ನ ಮೊದ್ಲು ಮಾಡ್ಲಿ" ಅಂದರು.

ಹೋದ ವಾರ ಹುಡುಗಿ ಫೋನ್ ಮಾಡಿದ್ದಳು. 24 ಅಕ್ಷರ ಮುಗಿದಿವೆಯಂತೆ. ಟಾಲೆಮಿಯ ಏಳನೇ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಹುಡುಕಿ ಕಳಿಸಿದ್ದೇನೆ.