ಕೊಲ್ಲಾರಿ ಬಂಡಿಯಿಂದ ಹಾರ್ಡ್‌ಟಾಪ್‌ವರೆಗೆ

ಭರತ ಹುಣ್ಣಿಮೆ ಹತ್ತಿರವಾಯಿತೆಂದರೆ ದಾವಣಗೆರೆ, ಹರಿಹರ ಸೀಮೆಯ ಹಳ್ಳಿಗಳಲ್ಲಿ ಅಟ್ಟದ ಮೇಲಿನ ಕೊಲ್ಲಾರಿ ಕೆಳಗಿಳಿಯುತ್ತಿತ್ತು. ಮೈಲಾರದ ಕಾರಣಿಕ ಕೇಳಲು ಹೊರಡುವ ಬಂಡಿಗೆ ಅದನ್ನು ಕಟ್ಟಬೇಕು. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ, ಮೇಲೆ ಚಾಪೆಯನ್ನೋ ತಾಡಪಾಲನ್ನೋ ಹೊದಿಸಿದ ಈ ಮಾಡು ಬಂಡಿಯ ಕಾಯಂ ಅಂಗವಲ್ಲ. ನಿನ್ನೆಯವರೆಗೆ ತಿಪ್ಪೆಗೊಬ್ಬರ ಹೇರಿದ್ದ ಬಂಡಿ, ಕೊಲ್ಲಾರಿ ಏರಿದೊಡನೆ ಹೆಂಗಸರು ಮಕ್ಕಳು ಕೂರುವ ಸವಾರಿ ಬಂಡಿ. ಜಾತ್ರೆ ಮುಗಿದರೆ ಮಾಡು ಮತ್ತೆ ಅಟ್ಟಕ್ಕೆ, ಬಂಡಿ ಮತ್ತೆ ಹೊಲಕ್ಕೆ. ಜಾತ್ರೆಗೆ ಕೊಲ್ಲಾರಿ ಕಟ್ಟಿಕೊಂಡು ಹೊರಡುವವರು ಇಂದಿಗೂ ಇದ್ದಾರೆ.

ಒಂದೇ ವಾಹನಕ್ಕೆ ಎರಡು ವೇಷ ಎನ್ನುವ ಈ ಯೋಚನೆಯೇ ಮೋಟಾರು ಲೋಕದಲ್ಲಿ ‘ಹಾರ್ಡ್‌ಟಾಪ್’ ಎಂಬ ಹೆಸರು ಪಡೆಯಿತು. ತೆರೆದ ಸ್ಪೋರ್ಟ್ಸ್ ಕಾರಿನ ಮೇಲೆ ಬೇಕೆಂದಾಗ ಕೂರಿಸಿ, ಬೇಡವೆಂದಾಗ ಎತ್ತಿಡಬಹುದಾದ ಗಟ್ಟಿ ಚಾವಣಿ ಇದು.

ಮೊದಮೊದಲ ಕಾರುಗಳಿಗೆ ಚಾವಣಿಯೇ ಇರಲಿಲ್ಲ. ಕುದುರೆ ಕಳೆದುಹೋದ ಗಾಡಿಯಂತಿದ್ದ ಅವುಗಳ ಹಿಂಬದಿಯಲ್ಲಿ ಮಡಚುವ ಬಟ್ಟೆಯ ಹೊದಿಕೆಯೊಂದು ಇದ್ದರೆ ಅದೇ ದೊಡ್ಡದು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನಾಗಲಿ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾದ ‘ಪಯಣ’ ಸಂಗ್ರಹಾಲಯವನ್ನಾಗಲಿ ನೋಡಿದವರಿಗೆ ಆ ಕಾಲದ ವಾಹನಗಳ ಪರಿಚಯವಿರುತ್ತದೆ. ಅಮೆರಿಕದಲ್ಲಿ 1919ರ ಸುಮಾರಿಗೆ ಹತ್ತು ಕಾರುಗಳಲ್ಲಿ ಒಂಬತ್ತು ತೆರೆದವೇ. 1927ರ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕಾರುಗಳು ಮುಚ್ಚಿದವಾದವು. ಜನರ ಅಭಿರುಚಿ ಬದಲಾಯಿತು ಎನ್ನುವುದಕ್ಕಿಂತ ಬೆಲೆ ಬದಲಾಯಿತು ಎನ್ನುವುದೇ ಸರಿ. ಎಸೆಕ್ಸ್ ಎಂಬ ಕಾರಿನ ಮುಚ್ಚಿದ ಮಾದರಿ 1922ರಲ್ಲಿ ತೆರೆದ ಮಾದರಿಗಿಂತ ಸುಮಾರು 300 ಡಾಲರ್ ದುಬಾರಿಯಾಗಿತ್ತು; 1925ಕ್ಕೆ ಅದೇ ಅಗ್ಗವಾಯಿತು. ಆಮೇಲೆ ಮಳೆಯಲ್ಲಿ ನೆನೆಯುವವರು ಯಾರು? ಆದರೂ ಆ ಕಾರುಗಳ ನೆತ್ತಿಯ ನಡುಭಾಗದಲ್ಲಿ ಬಹುಕಾಲ ಬಟ್ಟೆಯೇ ಉಳಿದಿತ್ತು. ಇಡೀ ನೆತ್ತಿಯನ್ನು ಒಂದೇ ಉಕ್ಕಿನ ತಗಡಿನಲ್ಲಿ ಒತ್ತಿ ತೆಗೆಯುವುದು ಜನರಲ್ ಮೋಟಾರ್ಸ್‌ಗೆ ಸಾಧ್ಯವಾದದ್ದು 1935ರ ಮಾದರಿಗಳಲ್ಲಿ.

ಹೀಗೆ ಚಾವಣಿ ಸಾಮಾನ್ಯವಾದ ಮೇಲೆ ತೆರೆದ ಕಾರು ಶೋಕಿಯ ವಸ್ತುವಾಯಿತು. ಶೋಕಿಗೂ ಚಳಿಗಾಲ ಬಿಡಲಿಲ್ಲ. ಜಾರ್ಜ್ ಪೊಲಾನ್ ಎಂಬ ಫ್ರಾನ್ಸಿನ ದಂತವೈದ್ಯನೊಬ್ಬ, ಗಟ್ಟಿ ಚಾವಣಿಯೇ ಹಿಂದೆ ಸರಿದು ಡಿಕ್ಕಿಯೊಳಗೆ ಅಡಗುವ ಉಪಾಯ ಹೂಡಿದ. 1934ರಲ್ಲಿ ಪ್ಯೂಜೊ ಕಾರಿನಲ್ಲಿ ಅದು ಬಂತು. (ಈ ವೈದ್ಯ ಮುಂದೆ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ 1942ರಲ್ಲಿ ಅವರ ಗುಂಡಿಗೆ ಬಲಿಯಾದ.) ಆದರೆ ಅಷ್ಟೊಂದು ಯಂತ್ರ ಹೊರುವುದು ಹಗುರ ಕಾರಿಗೆ ಆಗದ ಮಾತು. ಕೊಲ್ಲಾರಿಯ ಹಾಗೆ ಎತ್ತಿ ಮನೆಯಲ್ಲಿಟ್ಟು ಹೊರಡುವುದೇ ಸುಲಭವೆನ್ನಿಸಿತು. ಫೋರ್ಡ್ ಕಂಪೆನಿಯ 1955ರ ಥಂಡರ್‌ಬರ್ಡ್ ಫೈಬರ್ ಗ್ಲಾಸಿನ ಹಾರ್ಡ್‌ಟಾಪ್ ಜತೆಗೇ ಬಂತು. ಅದನ್ನು ಹಾಕಿದರೆ ಪಕ್ಕದ ನೋಟ ಮರೆಯಾಗುತ್ತದೆ ಎಂಬ ದೂರು ಎದ್ದು, ಮರುವರ್ಷ ಹಡಗಿನ ಕಿಂಡಿಯಂಥ ದುಂಡು ಗಾಜುಗಳನ್ನು ಕೂಡಿಸಬೇಕಾಯಿತು. 1963ರ ಮರ್ಸಿಡಿಸ್ 230 ಎಸ್‌ಎಲ್‌ನ ಹಾರ್ಡ್‌ಟಾಪ್ ನಡುವೆ ತಗ್ಗಾಗಿ ಅಂಚಿನಲ್ಲಿ ಎತ್ತರವಾಗಿದ್ದರಿಂದ ಇಡೀ ಕಾರಿಗೇ ‘ಪಗೋಡ’ ಎಂಬ ಅಡ್ಡಹೆಸರು ಅಂಟಿತು.

ಕೂರಿಸುವ ಕೆಲಸ ನೋಡಲು ಸರಳ, ಆದರೆ ಒಬ್ಬನೇ ಮಾಡುವಂಥದಲ್ಲ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನ ಹಾರ್ಡ್‌ಟಾಪ್ ತೂಗುವುದು ಸುಮಾರು 20 ಕಿಲೋ ಮಾತ್ರ. ತೂಕಕ್ಕಿಂತ ಅದರ ಅಗಲ ಕೈಗೆ ಒಗ್ಗದು. ಮೊದಲು ಬಟ್ಟೆಯ ಹೊದಿಕೆಯನ್ನು ಪೂರ್ತಿ ಮಡಚಬೇಕು. ಇಬ್ಬರು ಎರಡು ಬದಿಗೆ ನಿಂತು ಚಾವಣಿಯನ್ನು ನೇರವಾಗಿ ಎತ್ತಿ, ಬಣ್ಣಕ್ಕೆ ಗೀರು ಬೀಳದಂತೆ ಮೆಲ್ಲನೆ ಇಳಿಸಬೇಕು. ಮುಂಗಾಜಿನ ಮೇಲಂಚಿನ ಎರಡು ಕೊಂಡಿಗಳು, ಬಾಗಿಲ ಹಿಂದಿನ ಎರಡು ಬಿಗಿತಗಳು, ಹಿಂಬದಿಯ ಹಿಡಿತ ಎಲ್ಲವೂ ಒಟ್ಟಿಗೆ ಹೊಂದಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ರಬ್ಬರಿನ ಪಟ್ಟಿ ಒಂದೆಡೆ ಹಿಸುಕಿ ಇನ್ನೊಂದೆಡೆ ಬಾಯಿ ಬಿಡುತ್ತದೆ, ಅಲ್ಲಿಂದಲೇ ಮಳೆನೀರು ತೊಡೆಯ ಮೇಲೆ ಸುರಿಯುತ್ತದೆ. ಸರಿಯಾಗಿ ಕೂತ ಚಾವಣಿ ಮಳೆ, ಗಾಳಿಯ ಸದ್ದು ಎರಡನ್ನೂ ತಡೆಯುತ್ತದೆ. ತೆರೆದ ಕಾರಿನ ಒಡಲು ಹಳ್ಳದಿಣ್ಣೆಗಳಲ್ಲಿ ನಡುಗುವುದನ್ನೂ ಅಷ್ಟಿಷ್ಟು ತಗ್ಗಿಸುತ್ತದೆ. ಆದರೆ ಕಾರು ಮಗುಚಿದರೆ ಇದು ತಲೆ ಕಾಯುತ್ತದೆಂದು ನಂಬುವಂತಿಲ್ಲ.

ಕೊಲ್ಲಾರಿಗೂ ಇದಕ್ಕೂ ನಿಜವಾದ ಅಂತರವಿರುವುದು ಅಳತೆಯಲ್ಲಿ. ಹಳ್ಳಿಯ ಬಡಗಿ ಮಾಡಿದ ಬಂಡಿಗೆ ಅದರದೇ ಕೊಲ್ಲಾರಿ. ನೆರೆಮನೆಯ ಬಂಡಿಗೆ ಅದನ್ನು ಕಟ್ಟಬೇಕಾದರೆ ಹಗ್ಗವನ್ನು ಒಂದಿಷ್ಟು ಎಳೆದೋ ಸಡಿಲಿಸಿಯೋ ಹೊಂದಿಸಬೇಕು. ಹಗ್ಗ ತಪ್ಪನ್ನು ಕ್ಷಮಿಸುತ್ತದೆ, ಕೊಂಡಿ ಕ್ಷಮಿಸುವುದಿಲ್ಲ. ಒಂದು ಮಾದರಿಯ ಯಾವ ಚಾವಣಿಯಾದರೂ ಅದೇ ಮಾದರಿಯ ಯಾವ ಕಾರಿಗಾದರೂ ಕೂರಬೇಕಾದರೆ ಸಾವಿರಾರು ಬಿಡಿಭಾಗಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ತಯಾರಾಗಬೇಕು. ಅಂಥ ಭಾಗಗಳನ್ನು ಕಡೆಯುವ ಲೇತ್‌ಗಳನ್ನು ಕನ್ನಡ ನಾಡಿನಲ್ಲೇ ತಯಾರಿಸಿದ್ದು 1941ರಲ್ಲಿ ಸ್ಥಾಪನೆಯಾದ ಹರಿಹರದ ಮೈಸೂರು ಕಿರ್ಲೋಸ್ಕರ್. ಆ ಕಾರ್ಖಾನೆ ಮುಚ್ಚಿಹೋದರೂ ಅದು ಹರಡಿದ ಅಳತೆಯ ಶಿಸ್ತು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಉಳಿಯಿತು.

ಭಾರತದಲ್ಲಿ ಸ್ಪೋರ್ಟ್ಸ್ ಕಾರು ಅಪರೂಪವೇ. ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿ 1961ರಿಂದ ತಯಾರಿಸಿದ ಹೆರಾಲ್ಡ್ ಕಾರಿನ ಮೂಲ ಇಂಗ್ಲಿಷ್ ಮಾದರಿಯಲ್ಲಿ ಚಾವಣಿಯನ್ನು ಬೋಲ್ಟುಗಳಿಂದ ಬಿಗಿದಿರುತ್ತಿದ್ದರು. ಬಲವೆಲ್ಲ ಕೆಳಗಿನ ಚಾಸಿಯಲ್ಲಿದ್ದುದರಿಂದ ನೆತ್ತಿ ತೆಗೆದರೂ ಕಾರು ಕುಸಿಯುತ್ತಿರಲಿಲ್ಲ. 1998ರಲ್ಲಿ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ತಯಾರಿಸಿದ ‘ಸ್ಯಾನ್ ಸ್ಟಾರ್ಮ್’ ಫೈಬರ್ ಗ್ಲಾಸ್ ಒಡಲಿನ, ರೆನೊ ಎಂಜಿನ್ನಿನ, ಇಬ್ಬರೇ ಕೂರುವ ತೆರೆದ ಕಾರು, ಅದೀಗ ತಯಾರಾಗುತ್ತಿಲ್ಲ. ಉಳಿದಂತೆ ತೆರೆದ ವಾಹನವೆಂದರೆ ನಮ್ಮವರಿಗೆ ತಾಡಪಾಲಿನ ಜೀಪು. 2020ರಲ್ಲಿ ಹೊಸ ರೂಪ ತಾಳಿದ ಮಹೀಂದ್ರ ಥಾರ್, ಬಟ್ಟೆಯ ಟಾಪು ಮತ್ತು ಗಟ್ಟಿ ಟಾಪು ಎರಡು ಬಗೆಯಲ್ಲೂ ಬಂತು.

ತೊಡಕು ಶುರುವಾಗುವುದು ಇಲ್ಲಿಯೇ. ಬಟ್ಟೆ ಟಾಪಿನ ಜೀಪು ಕೊಂಡವನಿಗೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಟ್ಟಿ ಟಾಪಿನ ಆಸೆ ಹುಟ್ಟುತ್ತದೆ. ಫೈಬರ್ ಗ್ಲಾಸಿನಲ್ಲಿ ಅಚ್ಚು ತೆಗೆದು ಕೂರಿಸಿಕೊಡುವುದು ದಾವಣಗೆರೆಯ ಕರೂರಿನಂಥ ಕೈಗಾರಿಕಾ ಪ್ರದೇಶದ ನುರಿತ ಕೆಲಸಗಾರನಿಗೆ ಕಷ್ಟವೇನಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಮಾರ್ಪಾಟು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೇ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಬೀಳಬಹುದು. ಅಪಘಾತವಾದಾಗ ವಿಮೆಯವರು ತಕರಾರು ಎತ್ತಿದರೆ ಅದು ಬೇರೆ. ಟಾಪು ಕಟ್ಟಿಸುವ ಮುನ್ನ ಒಮ್ಮೆ ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಿ ವಿಚಾರಿಸಿದವನು ಜಾಣ. ಮೈಲಾರಕ್ಕೆ ಹೊರಟ ಬಂಡಿಯವನಿಗೆ ಮಾತ್ರ ಈ ತಾಪತ್ರಯವಿಲ್ಲ.