ನಿದ್ರೆಯ ಗಡಿಯಾರಕ್ಕೆ ಕಾಣದ ಎಚ್ಚರ

ನಿದ್ರೆ ಅಳೆಯುವ ಕೈಗಡಿಯಾರ, ಉಂಗುರಗಳ ನಿಖರತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ರೂಢಿಯನ್ನು ಬಿಡಬೇಕು ಎಂಬುದು ಈ ಟಿಪ್ಪಣಿಯ ವಾದ. ಎಂಟು ಗಂಟೆ ಹಾಸಿಗೆಯಲ್ಲಿದ್ದು ಏಳು ಗಂಟೆ ನಿದ್ರಿಸುವವರ ವಿಷಯದಲ್ಲಿ, ಏನನ್ನೂ ಅಳೆಯದೆ ಇಡೀ ರಾತ್ರಿಯನ್ನು ನಿದ್ರೆ ಎಂದು ಬರೆದಿಟ್ಟರೂ ಶೇ. 87.5ರಷ್ಟು ಸರಿಯಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು ಎರಡು. ನಿದ್ರೆಯಲ್ಲಿ ಎಷ್ಟು ಪಾಲನ್ನು ಸಾಧನ ನಿದ್ರೆಯೆಂದೇ ಗುರುತಿಸಿತು? ಎಚ್ಚರದಲ್ಲಿ ಎಷ್ಟು ಪಾಲನ್ನು ಎಚ್ಚರವೆಂದೇ ಗುರುತಿಸಿತು? ಮರೀನೋ ಮತ್ತು ಸಂಗಡಿಗರು 2013ರಲ್ಲಿ 77 ಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ಚಲನೆಯನ್ನಷ್ಟೇ ದಾಖಲಿಸುವ ಮಣಿಕಟ್ಟಿನ ಸಾಧನವನ್ನು ಅವರು ಪಾಲಿಸೋಮ್ನೋಗ್ರಫಿಯೊಂದಿಗೆ, ಅಂದರೆ ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುಬಿಗಿತಗಳನ್ನು 30 ಸೆಕೆಂಡಿನ ತುಣುಕುಗಳಾಗಿ ಓದುವ ಪ್ರಯೋಗಾಲಯದ ಪರೀಕ್ಷೆಯೊಂದಿಗೆ ಹೋಲಿಸಿದರು. ಒಟ್ಟು ನಿಖರತೆ ಶೇ. 86. ನಿದ್ರೆಯನ್ನು ಗುರುತಿಸಿದ್ದು ಶೇ. 96.5, ಎಚ್ಚರವನ್ನು ಗುರುತಿಸಿದ್ದು ಕೇವಲ ಶೇ. 33. ಅಲುಗಾಡದೆ ಕತ್ತಲಲ್ಲಿ ಕಣ್ಣುಬಿಟ್ಟು ಮಲಗಿದವರು ಇಂಥ ಸಾಧನದ ಪಾಲಿಗೆ ನಿದ್ರಿಸುತ್ತಿರುವವರೇ.

ಈ ಪ್ರಮಾಣಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. 420 ನಿಮಿಷ ನಿದ್ರಿಸಿ 60 ನಿಮಿಷ ಎಚ್ಚರವಿದ್ದವರಿಗೆ ಸಾಧನ ಸುಮಾರು 445 ನಿಮಿಷ ನಿದ್ರೆ ತೋರಿಸುತ್ತದೆ. ವ್ಯತ್ಯಾಸ ದೊಡ್ಡದಲ್ಲ. ನಿದ್ರಾಹೀನತೆಯಿಂದ ಬಳಲುವವರು 300 ನಿಮಿಷ ನಿದ್ರಿಸಿ 180 ನಿಮಿಷ ಹೊರಳಾಡದೆ ಎಚ್ಚರವಿದ್ದರೆ? ಸಾಧನದ ಉತ್ತರ ಸುಮಾರು 410 ನಿಮಿಷ. ಐದು ಗಂಟೆಯ ನಿದ್ರೆ ಹತ್ತಿರಹತ್ತಿರ ಏಳು ಗಂಟೆಯಾಗಿ ಕಾಣುತ್ತದೆ. ಯಾರಿಗೆ ಅಳತೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಲ್ಲೇ ತಪ್ಪು ಎಲ್ಲಕ್ಕಿಂತ ಹೆಚ್ಚು. ಇದು ನನ್ನನ್ನು ನಿಜಕ್ಕೂ ಕಳವಳಗೊಳಿಸುವ ಸಂಗತಿ, ಏಕೆಂದರೆ ರೋಗಿಯ ದೂರನ್ನು ಗಡಿಯಾರದ ಗೆರೆಚಿತ್ರ ಸುಳ್ಳಾಗಿಸಬಲ್ಲದು.

ಹೊಸ ಸಾಧನಗಳು ಚರ್ಮಕ್ಕೆ ಬೆಳಕು ಹಾಯಿಸಿ ನಾಡಿಬಡಿತವನ್ನೂ ಓದುತ್ತವೆ. ಇದರಿಂದ ಸುಧಾರಣೆಯಾಗಿದೆ, ಆದರೆ ಕೊರತೆ ನೀಗಿಲ್ಲ. ಊರಾ ಉಂಗುರವನ್ನು 41 ಆರೋಗ್ಯವಂತ ಹದಿಹರೆಯದವರು ಮತ್ತು ಯುವಜನರಲ್ಲಿ ಪರೀಕ್ಷಿಸಿದ ಅಧ್ಯಯನದಲ್ಲಿ ನಿದ್ರೆಯ ಗುರುತು ಶೇ. 96, ಎಚ್ಚರದ್ದು ಶೇ. 48. ಗಾಢನಿದ್ರೆಯ ವಿಷಯದಲ್ಲಿ ಪ್ರಯೋಗಾಲಯದೊಂದಿಗೆ ಹೊಂದಿಕೆ ಶೇ. 51 ಮಾತ್ರ. ನ್ಯಾಯವಾಗಿ ಹೇಳಬೇಕೆಂದರೆ, ನಿದ್ರೆಯ ಹಂತಗಳನ್ನು ವಿಂಗಡಿಸುವಾಗ ತರಬೇತಿ ಪಡೆದ ತಜ್ಞರೂ ಪರಸ್ಪರ ಒಪ್ಪುವುದು ಸುಮಾರು ಶೇ. 82ರಷ್ಟು ತುಣುಕುಗಳಲ್ಲಿ.

ಮಲಗುವ, ಏಳುವ ಹೊತ್ತು ವಾರಗಟ್ಟಲೆ ಹೇಗೆ ಸರಿಯುತ್ತಿದೆ ಎಂದು ತಿಳಿಯಲು ಈ ಸಾಧನಗಳು ಸಾಕು. ನಿನ್ನೆ ರಾತ್ರಿ ಎಷ್ಟು ನಿಮಿಷ ಗಾಢನಿದ್ರೆ ಬಂತು ಎಂಬ ಅಂಕಿಗೆ ಚಿಕಿತ್ಸೆಯ ತೀರ್ಮಾನದಲ್ಲಿ ಜಾಗ ಕೊಡಬಾರದು. ಮುಂದಿನ ಪರೀಕ್ಷೆಗಳು ನಿದ್ರೆ ಬಾರದವರಲ್ಲೂ ವೃದ್ಧರಲ್ಲೂ ನಡೆಯಬೇಕು, ಎಚ್ಚರದ ಅಂಕಿಯನ್ನು ಪ್ರತ್ಯೇಕವಾಗಿಯೇ ಮುದ್ರಿಸಬೇಕು.